ಮೂಗುದಾರ ಹಾಕುವ ಮೊದಲು ಲೆಕ್ಕ ಕೇಳಿ

ಗದಗಿನಿಂದ ಬರೆದವರಿಗೆ ಹುಬ್ಬಳ್ಳಿಯಿಂದ ನಮಸ್ಕಾರ.

ನೀವು ಕಳಿಸಿದ ‘ದೈತ್ಯರಿಗೆ ಮೂಗುದಾರ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದವಿದೆ’ ಎಂದು ಒಂದು ಸಾಲು ಬರೆದು ಮುಗಿಸುವಂಥ ಬರಹವೂ ಇದಲ್ಲ. ಫೇಸ್‌ಬುಕ್, ಗೂಗಲ್, ಎಕ್ಸ್‌ನಂಥ ಕಂಪನಿಗಳು ದ್ವೇಷ ಹರಡುತ್ತವೆ, ಚುನಾವಣೆ ತಿರುಗಿಸುತ್ತವೆ, ಕೇಳುವವರಿಲ್ಲ, ಸರ್ಕಾರ ಮೂಗುದಾರ ಹಾಕಬೇಕು ಎಂಬುದು ನಿಮ್ಮ ವಾದ. ಸಿಟ್ಟು ನ್ಯಾಯವಾದದ್ದೇ. ಆದರೆ ಬರಹ ಬ್ಯಾಡಗಿ ಮೆಣಸಿನಕಾಯಿಯಂತೆ ಆಗಿದೆ, ನೋಡಲು ಕೆಂಪಗೆ ಕಾಣುತ್ತದೆ, ಖಾರ ಕಡಿಮೆ. ಬೇಜಾರು ಮಾಡ್ಕೋಬ್ಯಾಡ್ರಿ, ಖಾರ ಎಲ್ಲಿ ಸಿಗುತ್ತದೆ ಎಂಬುದನ್ನೂ ಹೇಳುತ್ತೇವೆ.

ಮೊದಲು ಒಳ್ಳೆಯದು. ನಾಲ್ಕನೇ ಪುಟದಲ್ಲಿ ಬೆಟಗೇರಿಯ ನೇಕಾರರೊಬ್ಬರು ಬರುತ್ತಾರೆ. ಮಗ್ಗ ನಿಲ್ಲಿಸಿ, ನೂಲಿನ ಎಳೆ ಅಂಟಿದ ಕೈಯಿಂದಲೇ ಮೊಬೈಲ್ ಎತ್ತಿ, ಯಾವುದೋ ಊರಿನ ಹೊಡೆದಾಟದ ವಿಡಿಯೋವನ್ನು ‘ಇದು ನಮ್ಮ ಲಕ್ಷ್ಮೇಶ್ವರದಾಗ ಆಗಿದ್ದು’ ಎಂದು ತೋರಿಸುತ್ತಾರೆ. ಅದರ ಮೇಲೆ ಎರಡು ಬಾಣದ ಗುರುತು ಇತ್ತು, ಅದೇನೆಂದು ಅವರಿಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನಾವು ಎದ್ದು ಕೂತ ಜಾಗ ಅದು. ಅದರ ಮುಂದಿನ ಸಾಲಲ್ಲೇ ನೀವು ‘ಜಾಗತಿಕ ಬಂಡವಾಳದ ಕಬಂಧಬಾಹು’ಗಳಿಗೆ ಹೊರಳಿಬಿಟ್ಟಿರಿ. ಆ ಎರಡು ಬಾಣ ಏನು ಎಂದು ನೀವೂ ಹೇಳಲಿಲ್ಲ.

ಅದು ಹೀಗೆ. ಒಂದು ಸಂದೇಶ ಮೂಲದಿಂದ ಐದು ಅಥವಾ ಹೆಚ್ಚು ಕೈ ದಾಟಿ ಬಂದಿದ್ದರೆ ವಾಟ್ಸಾಪ್ ಅದಕ್ಕೆ ಜೋಡಿ ಬಾಣ ಹಚ್ಚುತ್ತದೆ. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗ್ರೂಪಿಗೆ ಮಾತ್ರ ಕಳಿಸಬಹುದು. ಈ ಕಡಿವಾಣ ಬಂದದ್ದು 2020ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು, 2018ರ ಜುಲೈನಲ್ಲಿ, ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್ ಎಂಬ ಮಿತಿ ಹಾಕಿದರು. ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಎಂಜಿನಿಯರ್ ಒಬ್ಬರು ಬಲಿಯಾದದ್ದೂ ಅದೇ ತಿಂಗಳು. ಇಷ್ಟು ಹೇಳಿದರೆ ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ: ಕಂಪನಿಗೆ ತಡೆಯಲು ದಾರಿ ಇತ್ತು, ಹೆಣ ಬಿದ್ದ ಮೇಲೆ ಬಳಸಿತು. ನೀವು ಎರಡು ಪುಟ ಬೈದು ಹೇಳಲಾಗದ್ದನ್ನು ಎರಡು ತಾರೀಖು ಹೇಳುತ್ತವೆ.

ಇನ್ನು ತಪ್ಪುಗಳು. ‘ವಾಟ್ಸಾಪ್‌ನ ಅಲ್ಗಾರಿದಮ್ ದ್ವೇಷವನ್ನೇ ಆರಿಸಿ ಮನೆಮನೆಗೆ ಹಂಚುತ್ತದೆ’ ಎಂದಿದ್ದೀರಿ. ಇಲ್ಲ. ವಾಟ್ಸಾಪ್ ಚಾಟಿನಲ್ಲಿ ಯಾರು ಏನು ನೋಡಬೇಕೆಂದು ಕಂಪನಿ ಆರಿಸುವುದಿಲ್ಲ. ಸಂದೇಶಕ್ಕೆ ಕಳಿಸಿದವರಿಂದ ಪಡೆದವರವರೆಗೆ, ಕಂಪನಿಯೂ ಓದಲಾಗದಂತೆ, ಬೀಗ ಇರುತ್ತದೆ. ಯಾರಾದರೂ ರಿಪೋರ್ಟ್ ಒತ್ತಿದರೆ ಆ ಚಾಟಿನ ಕೊನೆಯ ಐದರವರೆಗಿನ ಸಂದೇಶಗಳು ಕಂಪನಿಗೆ ಹೋಗುತ್ತವೆ. ಆರಿಸಿ ಬಡಿಸುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳ ಫೀಡ್. ಅಲ್ಲಿ ನಿಮಗೆ ಬೇಕಾದ ಸಾಕ್ಷಿ ಇದೆ: 2017ರಿಂದ ಫೇಸ್‌ಬುಕ್ ಯಾವ ಪೋಸ್ಟ್ ಮೇಲೆ ತೋರಿಸಬೇಕು ಎಂಬ ತನ್ನ ಲೆಕ್ಕದಲ್ಲಿ ಎಮೋಜಿ ಪ್ರತಿಕ್ರಿಯೆಗೆ ಲೈಕಿನ ಐದು ಪಟ್ಟು ತೂಕ ಕೊಡುತ್ತಿತ್ತು, ಸಿಟ್ಟಿನ ಮುಖವೂ ಅದರಲ್ಲಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿದರು. ಇದು ಹೊರಬಿದ್ದದ್ದು 2021ರ ಅಕ್ಟೋಬರ್‌ನಲ್ಲಿ, ಕಂಪನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಒಳಗಿನ ಕಾಗದಪತ್ರ ಹೊರತಂದ ಮೇಲೆ. ಫೀಡ್ ಬೇರೆ, ಫಾರ್ವರ್ಡ್ ಬೇರೆ. ಒಂದರ ತಪ್ಪನ್ನು ಇನ್ನೊಂದರ ಕೊರಳಿಗೆ ಕಟ್ಟಿದರೆ ಕಂಪನಿಯ ವಕೀಲರಿಗೆ ಹಬ್ಬ.

ಹಳೇ ಹುಬ್ಬಳ್ಳಿಯ ಪ್ಯಾರಾಕ್ಕೂ ಇದೇ ಮಾತು. 2022ರ ಏಪ್ರಿಲ್ 16ರ ರಾತ್ರಿ ಪೊಲೀಸ್ ಠಾಣೆಯ ಮುಂದೆ ಆದ ಗಲಭೆಯನ್ನು ‘ಫೇಸ್‌ಬುಕ್ ಹೊತ್ತಿಸಿದ ಬೆಂಕಿ’ ಎಂದಿದ್ದೀರಿ. ಆಗ ವರದಿಯಾದದ್ದು ಒಂದು ವಾಟ್ಸಾಪ್ ಸ್ಟೇಟಸ್. ಸ್ಟೇಟಸ್ ಕಾಣುವುದು ಪರಸ್ಪರ ನಂಬರ್ ಉಳಿಸಿಕೊಂಡವರಿಗೆ ಮಾತ್ರ. ಊರಿಗೆ ಹಬ್ಬುವುದು ಸ್ಕ್ರೀನ್‌ಶಾಟಿನಿಂದ. ಇಲ್ಲಿ ಕಂಪನಿಯ ಪಾಲೆಷ್ಟು, ಹಂಚಿದವರ ಪಾಲೆಷ್ಟು ಎಂದು ಬಿಡಿಸಿ ಬರೆಯಲು ಆಗದಿದ್ದರೆ ಆ ಪ್ಯಾರಾ ತೆಗೆಯಿರಿ. ಯಾರದೇ ಹೆಸರು ಬೇಡ, ಸಮುದಾಯದ ಹೆಸರಂತೂ ಬೇಡವೇ ಬೇಡ.

ಫೇಸ್‌ಬುಕ್ ಬಳಕೆದಾರರ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಪಡೆದ ಚುನಾವಣಾ ಪ್ರಚಾರ ಕಂಪನಿ ಕೇಂಬ್ರಿಡ್ಜ್ ಅನಾಲಿಟಿಕಾ ವಿಚಾರಕ್ಕೆ ಎರಡೇ ಮಾತು. ‘ಕೋಟ್ಯಂತರ ಭಾರತೀಯರ ಮಾಹಿತಿ’ ಅಲ್ಲ. 2018ರಲ್ಲಿ ಫೇಸ್‌ಬುಕ್ಕೇ ಕೊಟ್ಟ ಅಂದಾಜು ಜಗತ್ತಿಗೆ 8.7 ಕೋಟಿ, ಭಾರತಕ್ಕೆ ಸುಮಾರು 5.62 ಲಕ್ಷ. ಅದರಿಂದ ಇಲ್ಲಿಯ ಚುನಾವಣೆ ತಿರುಗಿತು ಎಂದು ಯಾರೂ ಸಾಬೀತು ಮಾಡಿಲ್ಲ, ನೀವೂ ಮಾಡಿಲ್ಲ.

ಈಗ ಲೇಖನದ ಬೆನ್ನುಮೂಳೆಯೇ ಮುರಿದ ಜಾಗ: ಏಳನೇ ಪುಟದ ದಂಡದ ಪಟ್ಟಿ. ‘ದ್ವೇಷ ಹರಡಿದ್ದಕ್ಕೆ ಗೂಗಲ್‌ಗೆ 1,337 ಕೋಟಿ, ಮೆಟಾಗೆ 213 ಕೋಟಿ, ಅಮೆರಿಕದಲ್ಲಿ 500 ಕೋಟಿ ಡಾಲರ್’ ಎಂದು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. (ಮೆಟಾ ಅಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳ ಒಡೆಯ ಕಂಪನಿ.) ಮೊತ್ತ ಸರಿ, ಕಾರಣ ಮೂರಕ್ಕೆ ಮೂರೂ ತಪ್ಪು. 1,337.76 ಕೋಟಿ ರೂಪಾಯಿ 2022ರ ಅಕ್ಟೋಬರ್‌ನಲ್ಲಿ ನಮ್ಮ ಸ್ಪರ್ಧಾ ಆಯೋಗ ಹಾಕಿದ್ದು, ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿನ ಯಜಮಾನಿಕೆಯ ದುರ್ಬಳಕೆಗೆ. 213.14 ಕೋಟಿ ಅದೇ ಆಯೋಗ 2024ರ ನವೆಂಬರ್‌ನಲ್ಲಿ ಹಾಕಿದ್ದು, ವಾಟ್ಸಾಪ್‌ನ 2021ರ ಖಾಸಗಿತನ ನೀತಿಗೆ. 500 ಕೋಟಿ ಡಾಲರ್ 2019ರ ಜುಲೈನದು, ಫೇಸ್‌ಬುಕ್ ಬಳಕೆದಾರರ ಮಾಹಿತಿ ಕಾಪಾಡದ್ದಕ್ಕೆ. ಮೂರರಲ್ಲಿ ಒಂದೂ ದ್ವೇಷದ ಪೋಸ್ಟಿಗೆ ಅಲ್ಲ.

ಹಾಗಾದರೆ ಪೋಸ್ಟುಗಳ ಕಾನೂನಿನಡಿ ದಂಡ ಬಿದ್ದೇ ಇಲ್ಲವೇ? ಬಿದ್ದಿದೆ, ಆದರೆ ಎದಕ್ಕೆ ಬಿತ್ತು ನೋಡ್ರಿ. ಜರ್ಮನಿ 2019ರಲ್ಲಿ ಫೇಸ್‌ಬುಕ್‌ಗೆ 20 ಲಕ್ಷ ಯೂರೋ ಹಾಕಿತು. ಬಂದ ದೂರುಗಳ ಸಂಖ್ಯೆಯನ್ನು ವರದಿಯಲ್ಲಿ ಕಡಿಮೆ ತೋರಿಸಿದ್ದಕ್ಕೆ. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯಡಿ 2025ರ ಡಿಸೆಂಬರ್‌ನಲ್ಲಿ ಎಕ್ಸ್‌ಗೆ 12 ಕೋಟಿ ಯೂರೋ ಬಿತ್ತು. ದುಡ್ಡು ಕೊಟ್ಟವರಿಗೆ ನೀಲಿ ಟಿಕ್ ಕೊಟ್ಟ ಮೋಸ, ಜಾಹೀರಾತು ಭಂಡಾರದ (ಯಾರು ಯಾವ ಜಾಹೀರಾತು ಕೊಟ್ಟರೆಂದು ಹುಡುಕಿ ನೋಡುವ ಜಾಗ) ಕೊರತೆ, ಸಂಶೋಧಕರಿಗೆ ಮಾಹಿತಿ ಕೊಡದಿರುವುದು, ಇವೇ ಕಾರಣ. ಆ ಕಾಯ್ದೆಯಲ್ಲಿ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 6ರವರೆಗೆ ದಂಡಕ್ಕೆ ಅವಕಾಶ ಇದೆ. ಎರಡರಲ್ಲೂ ಕಂಪನಿ ಸಿಕ್ಕಿಬಿದ್ದದ್ದು ಪೋಸ್ಟಿನಲ್ಲಿ ಅಲ್ಲ, ವಹಿಯಲ್ಲಿ. ಲೆಕ್ಕ ಮುಚ್ಚಿಟ್ಟ ಜಾಗದಲ್ಲಿ. ನಿಮ್ಮ ಲೇಖನದ ವಾದ ಇದರ ಸುತ್ತ ಕಟ್ಟಬೇಕು.

‘ಭಾರತದಲ್ಲಿ ಕಾನೂನೇ ಇಲ್ಲ’ ಎಂಬ ಸಾಲು ತೆಗೆಯಿರಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 79 ಕಂಪನಿಗೆ ಆಸರೆ ಕೊಡುತ್ತದೆ: ಬಳಕೆದಾರರು ಹಾಕಿದ್ದಕ್ಕೆ ಕಂಪನಿ ಹೊಣೆಯಲ್ಲ, ಆದರೆ ‘ನಿಜವಾಗಿ ತಿಳಿದ ಮೇಲೆ’ ತೆಗೆಯಬೇಕು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ‘ತಿಳಿಯುವುದು’ ಅಂದರೆ ಕೋರ್ಟಿನ ಆದೇಶ ಅಥವಾ ಸರ್ಕಾರದ ಅಧಿಕೃತ ಸೂಚನೆ ಎಂದು ಬಿಗಿ ಮಾಡಿತು. ಅಂದರೆ ಬೆಟಗೇರಿಯವರು ಬರೀ ರಿಪೋರ್ಟ್ ಒತ್ತಿದರೆ ಕಂಪನಿಯ ಆಸರೆ ಅಲುಗುವುದಿಲ್ಲ. ಮುಂದೆ ಇದೇ ಕಾಯ್ದೆಯಡಿ 2021ರ ನಿಯಮಗಳು ಬಂದವು. ಎಲ್ಲ ಕಂಪನಿಗಳಿಗೂ ಕುಂದುಕೊರತೆ ಅಧಿಕಾರಿ ಇರಬೇಕು, 24 ಗಂಟೆಯಲ್ಲಿ ದೂರು ಸ್ವೀಕರಿಸಿದ್ದಕ್ಕೆ ಉತ್ತರ ಕೊಡಬೇಕು. 50 ಲಕ್ಷಕ್ಕೂ ಹೆಚ್ಚು ಬಳಕೆದಾರರಿರುವ ಕಂಪನಿ ನಿಯಮ ಪಾಲನೆಗೆ ಹೊಣೆಯಾದ, ಭಾರತದಲ್ಲೇ ವಾಸಿಸುವ ಅನುಪಾಲನಾ ಅಧಿಕಾರಿಯನ್ನು ಇಡಬೇಕು, ತಿಂಗಳಿಗೊಮ್ಮೆ ವರದಿ ಹಾಕಬೇಕು. ಉತ್ತರ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಸರ್ಕಾರ ನೇಮಿಸಿದ ಮೇಲ್ಮನವಿ ಸಮಿತಿಗೆ ಹೋಗಬಹುದು. ಅಂಥ ಮೂರು ಸಮಿತಿ 2023ರಲ್ಲಿ ಆದವು. ದೂರು ಇತ್ಯರ್ಥದ ಗಡುವು 2021ರಲ್ಲಿ 15 ದಿನ ಇತ್ತು. ಈ ನಿಯಮಗಳಿಗೆ ಪದೇ ಪದೇ ತಿದ್ದುಪಡಿ ಆಗುತ್ತವೆ, ಹಳೆಯ ಲೇಖನ ನೋಡಿ ಅಂಕಿ ಎತ್ತಬೇಡಿ. ಕಳಿಸುವ ದಿನ ಮೂಲ ಪಠ್ಯ ತೆರೆದು ನೋಡಿ.

ಮೂಗುದಾರದ ಮಾತು. ಅದನ್ನು ಹಾಕಿದ ಮೇಲೆ ಹಗ್ಗ ಯಾರ ಕೈಯಾಗ? ಸರ್ಕಾರದ ಕೈಯಲ್ಲಿ ಎಂದು ನೀವು ಯೋಚಿಸದೆ ಬರೆದುಬಿಟ್ಟಿದ್ದೀರಿ. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟ್ ಟ್ವಿಟರ್‌ಗೆ (ಈಗಿನ ಎಕ್ಸ್) 50 ಲಕ್ಷ ರೂಪಾಯಿ ವೆಚ್ಚ ಹೇರಿತಲ್ಲ, ಅದು ನಾಗರಿಕರ ದೂರಿಗಲ್ಲ. ಪೋಸ್ಟ್, ಖಾತೆಗಳನ್ನು ತಡೆಯಲು ಕೇಂದ್ರ ಕೊಟ್ಟ ಆದೇಶಗಳನ್ನು ಪ್ರಶ್ನಿಸಿದ ಅದರ ಅರ್ಜಿ ವಜಾ ಆದಾಗ. 2025ರ ಸೆಪ್ಟೆಂಬರ್‌ನಲ್ಲಿ, ಪೋಸ್ಟ್ ತೆಗೆಯಲು ಸರ್ಕಾರಿ ಇಲಾಖೆಗಳು ಕಂಪನಿಗಳಿಗೆ ಸೂಚನೆ ಕಳಿಸುವ ‘ಸಹಯೋಗ್’ ಪೋರ್ಟಲ್ ವಿರುದ್ಧದ ಎಕ್ಸ್ ಅರ್ಜಿಯೂ ಅಲ್ಲೇ ಬಿದ್ದುಹೋಯಿತು. ಇತ್ತ, ಸರ್ಕಾರದ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ಸರ್ಕಾರದ ಘಟಕವೇ ಹೇಳುವ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಈ ಜಗ್ಗಾಟ ತೋರಿಸದೆ ‘ಸರ್ಕಾರ ಬಿಗಿ ಕ್ರಮ ಕೈಗೊಳ್ಳಲಿ’ ಎಂದು ಮುಗಿಸಿದರೆ ಅದು ಲೇಖನ ಆಗುವುದಿಲ್ಲ, ಮನವಿಪತ್ರ ಆಗುತ್ತದೆ.

ಹಾಗಾದರೆ ಯಾವ ಲೆಕ್ಕ ಕೇಳಬೇಕು? ನಮ್ಮ ಕಡೆಯಿಂದ ಕೇಳಬೇಕಾದದ್ದು ಕನ್ನಡದ ಲೆಕ್ಕ. ಯುರೋಪಿನಲ್ಲಿ ಒಂದೊಂದು ಅಧಿಕೃತ ಭಾಷೆಗೆ ಪೋಸ್ಟ್ ನೋಡುವ ಎಷ್ಟು ಜನ ಪರಿಶೀಲಕರು ಇದ್ದಾರೆ ಎಂದು ದೊಡ್ಡ ಕಂಪನಿಗಳು ಬರೆದುಕೊಡಬೇಕು. ಇಲ್ಲಿಯ ಮಾಸಿಕ ವರದಿ ತೆರೆದು ನೋಡಿ: ಇಡೀ ದೇಶದ ಒಟ್ಟು ಸಂಖ್ಯೆ, ಕನ್ನಡದ ಕಾಲಮ್ಮೇ ಇಲ್ಲ. ಅದರಲ್ಲೂ ನಮ್ಮ ಕಡೆ ಬೈಗುಳ ಪಠ್ಯಪುಸ್ತಕದ ಕನ್ನಡದಲ್ಲಿ ಇರುವುದಿಲ್ಲ. ಜವಾರಿ ಮಾತು, ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿರುತ್ತಾರೆ, ನಡುವೆ ಒಂದು ಚುಕ್ಕಿ ಇಟ್ಟು ಮರೆಮಾಚಿರುತ್ತಾರೆ. 2020ರಲ್ಲಿ ಫೇಸ್‌ಬುಕ್ ಸುಳ್ಳು ಸುದ್ದಿ ಗುರುತಿಸಲು ಇಟ್ಟ ಬಜೆಟ್ಟಿನಲ್ಲಿ ಶೇ. 87 ಅಮೆರಿಕಕ್ಕೇ ಹೋಗಿತ್ತು ಎಂದು ಹೌಗೆನ್ ದಾಖಲೆಗಳು ಹೇಳಿದವು. ಇಡೀ ಉತ್ತರ ಅಮೆರಿಕದವರು ಸೇರಿದರೂ ನಿತ್ಯ ಬಳಕೆದಾರರ ಶೇ. 10 ಮಾತ್ರ. ಆ ಲೆಕ್ಕ ಅಪೂರ್ಣ, ಹೊರಗಿನ ಸತ್ಯಶೋಧಕರ ಖರ್ಚು ಅದರಲ್ಲಿ ಸೇರಿಲ್ಲ ಎಂದು ಕಂಪನಿ ಹೇಳಿತು. ಎರಡನ್ನೂ ಬರೆಯಿರಿ.

ಮನೆಗೆಲಸ ಇದು. ನಿಯಮ ಮುರಿದಂತೆ ಕಾಣುವ ಹತ್ತು ಕನ್ನಡ ಪೋಸ್ಟ್ ಆರಿಸಿ, ಎಲ್ಲ ಪಕ್ಷ, ಎಲ್ಲ ಪಂಗಡದವು ಇರಲಿ. ಒಂದೊಂದಕ್ಕೂ ಪೋಸ್ಟಿನ ಲಿಂಕ್, ಖಾತೆಯ ಯೂಸರ್‌ನೇಮ್, ನೋಡಿದ ದಿನ, ಗಂಟೆ ಬರೆದಿಡಿ. ಬರೀ ಸ್ಕ್ರೀನ್‌ಶಾಟ್ ಸಾಲದು, ಆ್ಯಪಿನ ಚಿತ್ರದಲ್ಲಿ ಲಿಂಕ್ ಕಾಣುವುದಿಲ್ಲ, ‘ಎರಡು ದಿನದ ಹಿಂದೆ’ ಎಂದಷ್ಟೇ ಇರುತ್ತದೆ. ಮೂರು ತಿಂಗಳ ಮೇಲೆ ಅದು ಯಾವ ದಿನ ಎಂದು ನಿಮಗೇ ತಿಳಿಯದು. ವಿಡಿಯೋ ಆದರೆ ಮಾತು ಬರುವ ನಿಮಿಷ, ಸೆಕೆಂಡ್ ಬರೆಯಿರಿ. ಮೊದಲು ಆ್ಯಪಿನಲ್ಲಿ ರಿಪೋರ್ಟ್ ಮಾಡಿ, ಅದೇ ದಿನ ಕುಂದುಕೊರತೆ ಅಧಿಕಾರಿಗೂ ದೂರು ಹಾಕಿ. ದೂರಿನ ಸಂಖ್ಯೆ, ಉತ್ತರ ಬಂದ ಗಂಟೆ, ಉತ್ತರ ಯಾವ ಭಾಷೆಯಲ್ಲಿತ್ತು, ಎಲ್ಲ ಒಂದು ಪಟ್ಟಿಯಲ್ಲಿ ಇರಲಿ. ಪೊಲೀಸರಿಗೆ ಹೋಗುವಷ್ಟು ಗಂಭೀರ ಆಗಿದ್ದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ. ಕೋರ್ಟಿಗೆ ಹೋದರೆ ಡಿಜಿಟಲ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಕೇಳುತ್ತಾರೆ, ಆದ್ದರಿಂದ ಮೂಲ ಫೈಲ್ ಅಳಿಸಬೇಡಿ. ಹತ್ತು ಪೋಸ್ಟಿನಿಂದ ‘ಕಂಪನಿ ಕನ್ನಡವನ್ನು ಕಡೆಗಣಿಸಿದೆ’ ಎಂದು ತೀರ್ಪು ಕೊಡಬೇಡಿ. ಹತ್ತರಲ್ಲಿ ಎಷ್ಟಕ್ಕೆ ಉತ್ತರ ಬಂತು, ಎಷ್ಟು ಗಂಟೆಗೆ ಬಂತು ಎಂದು ಹೇಳಿ, ಸಾಕು.

ಚುನಾವಣೆಯ ಭಾಗಕ್ಕೂ ಹೀಗೇ. ಮೆಟಾದ ಜಾಹೀರಾತು ಭಂಡಾರದಲ್ಲಿ ಭಾರತ ಆರಿಸಿ, ರಾಜಕೀಯ ವಿಭಾಗ ಒತ್ತಿ, ಕ್ಷೇತ್ರದ ಅಭ್ಯರ್ಥಿಗಳ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ ಹುಡುಕಿ. ರಾಜಕೀಯ ಜಾಹೀರಾತು ಅಲ್ಲಿ ಏಳು ವರ್ಷ ಉಳಿಯುತ್ತದೆ, ಹಾಗಾಗಿ 2024ರ ಮೇ 7ರಂದು ಮತದಾನವಾದ ಧಾರವಾಡ, ಹಾವೇರಿ ಕ್ಷೇತ್ರಗಳದ್ದು ಇನ್ನೂ ಸಿಗುತ್ತದೆ. ಎಡವುವ ಜಾಗಗಳು ಮೂರು. ಖರ್ಚು ನಿಖರವಾಗಿ ಇರುವುದಿಲ್ಲ, ‘ಇಷ್ಟರಿಂದ ಇಷ್ಟು’ ಎಂದಿರುತ್ತದೆ. ಕೆಳಗಿನದ್ದನ್ನೂ ಮೇಲಿನದ್ದನ್ನೂ ಬೇರೆ ಬೇರೆ ಕೂಡಿಸಿ, ಸರಾಸರಿ ತೆಗೆಯಬೇಡಿ. ಜಾಗದ ವಿವರ ರಾಜ್ಯದವರೆಗೆ ಮಾತ್ರ, ‘ಗದಗಿನಲ್ಲಿ ಇಷ್ಟು ಸುರಿದರು’ ಎಂದು ಅದರಿಂದ ಬರೆಯಲಾಗದು. ಮೂರನೆಯದು ಬೇನಾಮಿ ಪೇಜ್. ಪಕ್ಷದ ಹೆಸರೇ ಇಲ್ಲದ ಪೇಜಿನ ‘ಪಾರದರ್ಶಕತೆ’ ವಿಭಾಗದಲ್ಲಿ ಹಳೆಯ ಹೆಸರುಗಳು ಕಾಣುತ್ತವೆ, ಅಲ್ಲಿ ಇಣುಕಿ.

ಇದನ್ನು ಅಭ್ಯರ್ಥಿ ಸಲ್ಲಿಸಿದ ಖರ್ಚಿನ ಲೆಕ್ಕದ ಪಕ್ಕ ಇಡಿ. ಫಲಿತಾಂಶದಿಂದ 30 ದಿನದೊಳಗೆ ಅದನ್ನು ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಡಿಸಿ ಅವರಿಗೆ, ಕೊಡಬೇಕು. ಲೋಕಸಭೆಗೆ ಅಭ್ಯರ್ಥಿಯ ಮಿತಿ 95 ಲಕ್ಷ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅದಕ್ಕೇ ಜಾಹೀರಾತು ಯಾರ ಹೆಸರಿನಲ್ಲಿದೆ ಎನ್ನುವುದು ಮುಖ್ಯ. ವ್ಯತ್ಯಾಸ ಕಂಡ ಕೂಡಲೇ ‘ಕಳ್ಳ ಲೆಕ್ಕ’ ಎನ್ನಬೇಡಿ, ಪಕ್ಷವೇ ಕೊಟ್ಟಿರಬಹುದು. ಮೊದಲು ಅವರನ್ನೇ ಕೇಳಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಬಂಧಬಾಹು, ಕಪಿಮುಷ್ಟಿ, ವಿಷವರ್ತುಲ ಮೂರನ್ನೂ ಬಿಡಿ. ‘ತಜ್ಞರ ಪ್ರಕಾರ’ ಎಂದು ಐದು ಕಡೆ ಇದೆ, ಒಬ್ಬರ ಹೆಸರೂ ಇಲ್ಲ. 2,800 ಪದ ಬೇಡ, 1,200 ಸಾಕು. ಕಂಪನಿಗೆ ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಿ ಏಳು ದಿನ ಕಾಯಿರಿ. ಉತ್ತರ ಬಂದರೆ ಅದು ಇರಲಿ, ಬರದಿದ್ದರೆ ಕಳಿಸಿದ ತಾರೀಖು ಇರಲಿ.

ಶುರು ಮಾತ್ರ ಬೆಟಗೇರಿಯ ಮಗ್ಗದಿಂದಲೇ ಆಗಲಿ. ಅವರ ಹೆಸರು ಬದಲಿಸಿ, ಹಾಕುವ ಮೊದಲು ಒಪ್ಪಿಗೆ ಕೇಳಿ. ಕೇಳಲು ಹೋದಾಗ ಆ ಎರಡು ಬಾಣ ಏನೆಂದು ಅವರಿಗೂ ಹೇಳಿ ಬರ್ರಿ.