ದಲಿತ ದೈವಶಾಸ್ತ್ರ ಎಂದರೇನು? ಅದಕ್ಕೂ ಬೆಂಗಳೂರಿಗೂ ಏನು ನಂಟು?

ಜಾತಿಯಿಂದ ನೊಂದವರ ಬದುಕಿನ ಕಡೆಯಿಂದ ಬೈಬಲನ್ನು ಓದುವ ಕ್ರಮವಿದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸವನ್ನು ಇದರ ಆರಂಭವೆಂದು ಗುರುತಿಸುತ್ತಾರೆ. ಮುಂದೆ ಅವರು ಆಧಾರವಾಗಿ ಹಿಡಿದದ್ದು ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ. ಅಲ್ಲಿ ರೈತನೊಬ್ಬ ಮೊದಲ ಫಲದ ಬುಟ್ಟಿಯನ್ನು ದೇವರ ಮುಂದಿಟ್ಟು, ತನ್ನ ಮೂಲಪುರುಷ ಅಲೆಮಾರಿಯಾಗಿದ್ದ, ಈಜಿಪ್ಟಿನವರು ನಮ್ಮನ್ನು ಬಾಧಿಸಿದರು ಎಂದು ಹೇಳಿಕೊಳ್ಳುತ್ತಾನೆ. ಹುಟ್ಟನ್ನು ಮುಚ್ಚಿಡದ ಆ ಮಾತು ಪ್ರತಿ ಓದಿನಲ್ಲೂ ನನ್ನನ್ನು ಅಲುಗಾಡಿಸುತ್ತದೆ.

ಚರ್ಚಿನ ಸಭಾಪಾಲಕರು ಇದನ್ನು ಭಾನುವಾರದ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ತರಲೇಬೇಕು. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆಯಿಲ್ಲ; ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕಿತು. ಕ್ರೈಸ್ತ ಸಭೆಯೊಳಗಿನ ತಾರತಮ್ಯವಂತೂ ಇನ್ನೂ ನೋವಿನದು: ತಮಿಳುನಾಡಿನಲ್ಲಿ ಕ್ರೈಸ್ತರ ಸಮಾಧಿಗಳ ನಡುವೆಯೇ ಜಾತಿಯ ಗೋಡೆ ಕಟ್ಟಿದ್ದುಂಟು.