ಆಯಿಯ ಮಡಿಲಿಗೆ ಸೀಲ್ ಮರಿ

ಪ್ರಶ್ನೆ: ಮೇಡಂ, ನನ್ನ ಆಯಿಗೆ 78 ವರ್ಷ. ಮರೆವಿನ ಕಾಯಿಲೆ. ಸಂಜೆಯಾದರೆ 'ಮನೆಗೆ ಹೋಗ್ಬೇಕು' ಅಂತ ಬಾಗಿಲಲ್ಲಿ ನಿಲ್ಲುತ್ತಾಳೆ. ಅಮೆರಿಕದಲ್ಲಿರುವ ತಮ್ಮ 'ಪಾರೋ' ಎಂಬ ರೋಬೋ ಕಳಿಸುತ್ತೇನೆ ಅನ್ನುತ್ತಿದ್ದಾನೆ. ಫೋಟೋ ನೋಡಿದರೆ ಬಿಳಿ ಸೀಲ್ ಮರಿ! ಮಾತೂ ಆಡುವುದಿಲ್ಲವಂತೆ. ನಾಯಿ, ಬೆಕ್ಕು ಬಿಟ್ಟು ಸೀಲ್ ಯಾಕೆ? ಗೊಂಬೆಗೆ ಜೀವ ಇರುವ ಹಾಗೆ ತೋರಿಸುವುದು ಆಯಿಗೆ ಮಾಡುವ ಮೋಸ ಅಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ಪಾರೋ ರೂಪಿಸಿದವರು ಜಪಾನಿನ ಇಂಜಿನಿಯರ್ ತಕನೋರಿ ಶಿಬಾತ. 1993ರಲ್ಲಿ ಈ ಕೆಲಸ ಶುರು ಮಾಡಿದರು. ನಾಯಿ, ಬೆಕ್ಕಿನ ರೂಪಗಳನ್ನೂ ನೋಡಿದ್ದರು. ಆದರೆ ಬೆಕ್ಕು ಸಾಕಿದವರಿಗೆ ಅದು ಹೇಗೆ ಕಾಲಿಗೆ ಮೈ ಉಜ್ಜುತ್ತದೆ, ಹೇಗೆ ಮುದುಡಿ ಮಲಗುತ್ತದೆ ಎಲ್ಲಾ ಗೊತ್ತು. ಯಂತ್ರದ ಬೆಕ್ಕು ಸ್ವಲ್ಪ ಎಡವಿದರೂ ಮನಸ್ಸು ಒಪ್ಪುವುದಿಲ್ಲ. ಸೀಲ್ ಮರಿಯನ್ನು ಎತ್ತಿ ಆಡಿಸಿದವರು ಎಷ್ಟು ಜನ? ಹೋಲಿಸಲು ಏನೂ ಇಲ್ಲ.

ನಾನು ಪಾರೋ ಎತ್ತಿಕೊಂಡಿದ್ದೇನೆ. ಸುಮಾರು 2.7 ಕಿಲೋ, ಹೆಚ್ಚುಕಡಿಮೆ ಹಸುಗೂಸಿನ ತೂಕ. ಕೈ ತಾನಾಗಿಯೇ ಅಡಿಗೆ ಹೋಗಿ ಆಧಾರ ಕೊಡುತ್ತದೆ. ಮೈ ಸವರಿದರೆ ತುಪ್ಪಳದ ಕೆಳಗಿನ ಸೆನ್ಸರ್‌ಗಳಿಗೆ ಗೊತ್ತಾಗುತ್ತದೆ. ತಲೆ ಎತ್ತಿತು, ರೆಪ್ಪೆ ನಿಧಾನಕ್ಕೆ ಮುಚ್ಚಿ ತೆರೆಯಿತು, ಸಣ್ಣಗೆ ಕೂಗಿತು. ಆ ಕೂಗು ಕೆನಡಾದಲ್ಲಿ ನಿಜವಾದ ಮರಿಗಳಿಂದ ರೆಕಾರ್ಡ್ ಮಾಡಿದ್ದು. ಚಾರ್ಜರ್ ಮಗುವಿನ ನಿಪ್ಪಲ್ ಥರ ಇದೆ, ಬಾಯಿಗೆ ಇಡಬೇಕು. ನನಗೆ ತುಂಬಾ ಇಷ್ಟವಾಗಿದ್ದು ಅದೇ.

ಮಾತಾಡದಿರುವುದು ಅದರ ದೊಡ್ಡ ಗುಣ. ನನ್ನ ಅಮ್ಮನಿಗೂ ಮರೆವು ಬಂದಿತ್ತು. ಮನೆಗೆ ಬಂದವರೆಲ್ಲ 'ನಾನ್ಯಾರು ಹೇಳು ನೋಡೋಣ?' ಅಂತ ಕೇಳುತ್ತಿದ್ದರು. ಅಮ್ಮ ಸೆರಗಿನ ತುದಿ ತಿರುಚುತ್ತಾ ತಲೆ ತಗ್ಗಿಸುತ್ತಿದ್ದಳು. ಮಾತಾಡುವ ಯಂತ್ರವೂ ಉತ್ತರ ಬಯಸುತ್ತದೆ. ಪಾರೋ ಏನನ್ನೂ ಕೇಳುವುದಿಲ್ಲ.

ಮೋಸದ ಪ್ರಶ್ನೆ ನನ್ನನ್ನೂ ಕಾಡಿದೆ. ಆಯಿ ಕೇಳಿದರೆ ಯಂತ್ರ ಅಂತಲೇ ಹೇಳಿ. ಗೊತ್ತಿದ್ದೂ ಪ್ರೀತಿಯಿಂದ ಸವರುವವರು ಇದ್ದಾರೆ. ಅದನ್ನು ಮಡಿಲಲ್ಲಿಟ್ಟು, ಇನ್ನು ಆಯಿಯ ಚಿಂತೆ ಇಲ್ಲ ಅಂತ ನೀವು ಎದ್ದುಹೋದರೆ ಅದನ್ನು ನಾನು ಮೋಸ ಅನ್ನುತ್ತೇನೆ.

ಆದರೆ ತಮ್ಮನಿಗೆ ಸ್ವಲ್ಪ ತಡಿ ಅನ್ನಿ. ಬೆಲೆ ಅಲ್ಲಿ ಸುಮಾರು 6,000 ಡಾಲರ್. ಆಸ್ಟ್ರೇಲಿಯಾದಲ್ಲಿ ಮರೆವಿನ ಕಾಯಿಲೆಯ 415 ಹಿರಿಯರನ್ನು ಗಮನಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೆಲವರಿಗೆ ಪಾರೋ, ಕೆಲವರಿಗೆ ಸ್ವಿಚ್ ಆಫ್ ಮಾಡಿದ ಪಾರೋ, ಉಳಿದವರಿಗೆ ಎರಡೂ ಇಲ್ಲ. ಏನೂ ಇಲ್ಲದವರಿಗಿಂತ ಪಾರೋ ಸಿಕ್ಕವರ ಚಡಪಡಿಕೆ ಕಡಿಮೆಯಿತ್ತು. ಆಫ್ ಮಾಡಿದ ಗೊಂಬೆಗಿಂತ ಅದು ಮುಂದಿದ್ದದ್ದು ಒಂದರಲ್ಲೇ: ಹಿರಿಯರು ಅದನ್ನು ಜಾಸ್ತಿ ನೋಡಿದರು, ಮಾತಾಡಿಸಿದರು.

ಅದಕ್ಕೇ ಮೊದಲು ಒಂದು ಮೆತ್ತನೆಯ ಗೊಂಬೆ ತನ್ನಿ. ಹೊಟ್ಟೆ ಬಿಚ್ಚಿ, ಆಯಿಗೆ ಭಾರವಾಗದಷ್ಟು ಅಕ್ಕಿಯ ಗಂಟು ಇಟ್ಟು ಹೊಲಿಯಿರಿ. ಸಂಜೆ ಅವರು ಬಾಗಿಲಿಗೆ ಹೋಗುವ ಹೊತ್ತಿಗೆ ಮುಂಚೆಯೇ ಮಡಿಲಲ್ಲಿಡಿ, ನೀವೂ ಪಕ್ಕದಲ್ಲಿ ಕಾಲು ಗಂಟೆ ಕೂರಿ. ತಳ್ಳಿದರೆ ಒತ್ತಾಯ ಬೇಡ, ತೆಗೆದುಬಿಡಿ. ಎರಡು ವಾರ ನೋಡಿ. ಕೈ ಅದನ್ನು ಹುಡುಕತೊಡಗಿದರೆ ತಮ್ಮನಿಗೆ ಫೋನ್ ಮಾಡಿ. ಪಾರೋ ಬಂದರೆ, ಹೆಸರು ಆಯಿಯೇ ಇಡಲಿ.