ಸಂತೆಯ ಪುಡಿ ತಿಂದು ಅವ್ವನ ಮುಖ ಊದಿದ್ದರ ಬಗ್ಗೆ

ಸಂತೆಯಲ್ಲಿ ಕೊಂಡ ಗಿಡಮೂಲಿಕೆ ಪುಡಿಯನ್ನ ನಿಮ್ಮ ಅವ್ವ ತಿಂಗಳುಗಟ್ಟಲೆ ತಿಂದು ಮುಖ ಊದಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ತಿನ್ನೋಕೆ ಶುರು ಮಾಡಿದ ಎರಡೇ ದಿನಕ್ಕೆ ಮೊಣಕಾಲು ನೋವು ಮಾಯ, ಹಸಿವು ಜಾಸ್ತಿ, ಈಗ ಮುಖ ಊದಿದೆ ಅಂದರೆ ಆ ಗಿಡಮೂಲಿಕೆ ಪುಡಿಯಲ್ಲಿ ಡೆಕ್ಸಾಮೆಥಾಸೋನ್ ಥರದ ಸ್ಟೀರಾಯ್ಡ್ ಬೆರೆಸಿರಬಹುದು. ಕಿಡ್ನಿ ತೊಂದರೆಗೂ ಮುಖ ಊದುತ್ತದೆ, ಹಾಗಾಗಿ ಪರೀಕ್ಷೆ ಬೇಕೇ ಬೇಕು. ತಿಂಗಳುಗಟ್ಟಲೆ ತಿಂದಿದ್ದಾರಲ್ವಾ, ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಪುಡಿಯಲ್ಲಿ ಸ್ಟೀರಾಯ್ಡ್ ಇದ್ದರೆ, ದೇಹ ತಾನೇ ತಯಾರಿಸುವ ಕಾರ್ಟಿಸಾಲ್ ಹಾರ್ಮೋನ್ ಅಷ್ಟರಲ್ಲಿ ಕಡಿಮೆಯಾಗಿರಬಹುದು, ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ನಾಳೆಯೇ ಉಳಿದ ಪುಡಿ ಸಮೇತ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ (ಈಗಿನ ಹೆಸರು ಕೆಎಂಸಿಆರ್‌ಐ) ಮೆಡಿಸಿನ್ ಓಪಿಡಿಗೆ ಕರ್ಕೊಂಡು ಹೋಗಿ. ಅವ್ವನಿಗೆ ಸುಮ್ನೆ ಬೈಬೇಡಿ. ದವಾಖಾನೆಯಲ್ಲಿ ಪಾಳಿ ಹಚ್ಚಿ ಎರಡು ನಿಮಿಷದಲ್ಲಿ ಹೊರಬರುವವರಿಗೆ, ಸಂತೆಯಲ್ಲಿ ಕೂತು ನೋವು ಕೇಳುವವನೇ ಹತ್ತಿರದವನು ಅನ್ನಿಸುತ್ತಾನೆ. ಬೈದರೆ ಮುಚ್ಚಿಟ್ಟು ತಿಂತಾರೆ. ಎಷ್ಟು ದಿನ, ಎಷ್ಟು ಚಮಚ ಅಂತ ಡಾಕ್ಟರಿಗೆ ಹೇಳಿ, ಶುಗರ್, ಬಿಪಿ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡಿಸಿ. ವಾಂತಿ, ತಲೆಸುತ್ತು, ವಿಪರೀತ ಸುಸ್ತು ಬಂದರೆ ಇವತ್ತು ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ.